ಮಣ್ಣಿನೊಳಗಿನ ಖಾಲಿ ಜಾಗ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಅಂಕಣಕ್ಕೆ ಬಂದ ಪತ್ರಗಳಲ್ಲಿ ಮಣ್ಣನ್ನು ಕುರಿತವೇ ಹೆಚ್ಚು. ಒಂದೇ ವಿಷಯವನ್ನು ಬೇರೆ ಬೇರೆ ಮಾತಿನಲ್ಲಿ ಕೇಳಿದವರ ಪ್ರಶ್ನೆಗಳನ್ನು ಕೂಡಿಸಿಕೊಂಡು ಉತ್ತರಿಸಿದ್ದೇನೆ. ಎಲ್ಲ ಪತ್ರಗಳನ್ನು ಓದಿ ಮುಗಿಸಿದಾಗ ನನಗೆ ಅನಿಸಿದ್ದು ಇಷ್ಟು: ನಾವೆಲ್ಲ ಮಣ್ಣನ್ನು ಒಂದು ಬಗೆಯ ಪುಡಿ ಎಂದು ತಿಳಿದುಕೊಂಡಿದ್ದೇವೆ. ಅದನ್ನು ಗೋಡೆ, ಕೋಣೆ, ಓಣಿಗಳಿರುವ ಕಟ್ಟಡವೆಂದು ತಿಳಿದು ನೋಡಿದರೆ ಇಲ್ಲಿನ ಅರ್ಧದಷ್ಟು ಪ್ರಶ್ನೆಗಳಿಗೆ ಉತ್ತರ ತಾನಾಗಿಯೇ ತೋರುತ್ತದೆ.

ಪ್ರಶ್ನೆ: ಬಂಡೆ ಒಡೆದು ಮಣ್ಣಾಗುತ್ತದೆ ಎಂದು ತರಗತಿಯಲ್ಲಿ ಹೇಳುತ್ತಿದ್ದಾಗ ಒಬ್ಬ ವಿದ್ಯಾರ್ಥಿನಿ, “ಹಾಗಾದರೆ ಕಲ್ಲನ್ನು ಕುಟ್ಟಿ ಪುಡಿ ಮಾಡಿದರೆ ಮಣ್ಣು ಸಿಗುತ್ತದೆಯೇ, ಮೇಡಂ?” ಎಂದು ಕೇಳಿದಳು. ತಕ್ಷಣಕ್ಕೆ ನನಗೆ ಸರಿಯಾದ ಉತ್ತರ ಹೊಳೆಯಲಿಲ್ಲ. ಮಣ್ಣಾಗಲು ಎಷ್ಟು ಕಾಲ ಬೇಕು ಎಂಬುದನ್ನೂ ತಿಳಿಸಬೇಕಾಗಿ ವಿನಂತಿ.
— ಪ್ರೌಢಶಾಲೆಯ ಶಿಕ್ಷಕಿ

ಉತ್ತರ: ಆ ಹುಡುಗಿಗೆ ನನ್ನ ಮೆಚ್ಚುಗೆಯನ್ನು ತಿಳಿಸಿ. ಅವಳು ಕೇಳಿರುವುದು ಮಣ್ಣಿನ ವಿಜ್ಞಾನದ ಮೊದಲ ಪ್ರಶ್ನೆ. ಕಲ್ಲನ್ನು ಎಷ್ಟು ನುಣ್ಣಗೆ ಕುಟ್ಟಿದರೂ ಸಿಗುವುದು ಕಲ್ಲಿನ ಪುಡಿಯೇ. ಅದು ಮಣ್ಣಾಗಬೇಕಾದರೆ ಇನ್ನೆರಡು ಕೆಲಸಗಳು ಆಗಬೇಕು. ಎರಡನ್ನೂ ಒರಳು, ಒನಕೆಗಳು ಮಾಡಲಾರವು.

ಬಂಡೆ ಒಡೆಯುವುದೇನೋ ನಿಜ. ಹಗಲಿನ ಬಿಸಿಲಿಗೆ ಹಿಗ್ಗಿ ರಾತ್ರಿಯ ತಂಪಿಗೆ ಕುಗ್ಗುವ ಬಂಡೆಯಲ್ಲಿ ಬಿರುಕು ಬೀಳುತ್ತದೆ. ಶೀತ ಪ್ರದೇಶಗಳಲ್ಲಿ ಆ ಬಿರುಕಿಗೆ ಇಳಿದ ನೀರು ಹೆಪ್ಪುಗಟ್ಟಿ ಶೇಕಡ 9ರಷ್ಟು ಉಬ್ಬಿ, ಬೆಣೆ ಹೊಡೆದಂತೆ ಕಲ್ಲನ್ನು ಸೀಳುತ್ತದೆ. ಬೇರುಗಳೂ ಇದೇ ಕೆಲಸವನ್ನು ನಿಧಾನವಾಗಿ ಮಾಡುತ್ತವೆ. ಆದರೆ ಇಲ್ಲಿಯವರೆಗೆ ಆಗಿರುವುದು ದೊಡ್ಡ ಕಲ್ಲು ಸಣ್ಣ ಕಲ್ಲಾದದ್ದು ಮಾತ್ರ.

ಮುಂದಿನ ಕೆಲಸ ರಾಸಾಯನಿಕವಾದದ್ದು. ಗಾಳಿಯ ಮೂಲಕ ಬೀಳುವ ಮಳೆಹನಿ ಸ್ವಲ್ಪ ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಂಡು ತೀರ ದುರ್ಬಲವಾದ ಆಮ್ಲವಾಗುತ್ತದೆ. ನೆಲದೊಳಗೆ ಬೇರುಗಳೂ ಸೂಕ್ಷ್ಮಜೀವಿಗಳೂ ಉಸಿರಾಡುವುದರಿಂದ ಅಲ್ಲಿನ ಗಾಳಿಯಲ್ಲಿ ಈ ಅನಿಲ ಹೊರಗಿಗಿಂತ ಹಲವು ಪಟ್ಟು ಹೆಚ್ಚಿರುತ್ತದೆ. ಹಾಗಾಗಿ ನೀರು ಕೆಳಕ್ಕೆ ಇಳಿದಂತೆ ಅದರ ಆಮ್ಲತೆ ಇನ್ನಷ್ಟು ಬಲವಾಗುತ್ತದೆ. ಗ್ರಾನೈಟ್ ಶಿಲೆಯನ್ನೇ ತೆಗೆದುಕೊಳ್ಳಿ. ಅದರಲ್ಲಿರುವ ಫೆಲ್ಡ್‌ಸ್ಪಾರ್ ಎಂಬ ಖನಿಜದಿಂದ ಈ ನೀರು ಪೊಟ್ಯಾಸಿಯಂನಂಥ ಧಾತುಗಳನ್ನು ಒಂದೊಂದಾಗಿ ಬಿಡಿಸಿ ಒಯ್ಯುತ್ತದೆ. ಹಿಂದೆ ಉಳಿದ ಅಲ್ಯೂಮಿನಿಯಂ ಮತ್ತು ಸಿಲಿಕಾನ್ ಹೊಸದಾಗಿ ಜೋಡಿಸಿಕೊಂಡು ಹಾಳೆ ಹಾಳೆಯಂಥ ಅತಿ ಸಣ್ಣ ಕಣಗಳಾಗುತ್ತವೆ. ಇದೇ ಜೇಡಿ. ಅದೇ ಶಿಲೆಯಲ್ಲಿದ್ದ ಸ್ಫಟಿಕಶಿಲೆಯ ಹರಳುಗಳು ಮಾತ್ರ ಯಾವ ಆಮ್ಲಕ್ಕೂ ಸುಲಭಕ್ಕೆ ಬಗ್ಗದೆ ಮರಳಾಗಿ ಉಳಿಯುತ್ತವೆ. ಮರಳು ಹಳೆಯ ಬಂಡೆಯ ಉಳಿಕೆ. ಜೇಡಿ ಹೊಸದಾಗಿ ಹುಟ್ಟಿದ ಖನಿಜ. ಮರಳಿನ ಕಣ 2 ಮಿಲಿಮೀಟರಿನಿಂದ 0.05 ಮಿಲಿಮೀಟರಿನವರೆಗೆ ಇದ್ದರೆ ಜೇಡಿಯ ಕಣ 0.002 ಮಿಲಿಮೀಟರಿಗಿಂತಲೂ ಚಿಕ್ಕದು. ಕುಟ್ಟಿ ಮಾಡಿದ ಪುಡಿ ಆ ಗಾತ್ರಕ್ಕೆ ಇಳಿದರೂ ಜೇಡಿಯ ಗುಣ ಅದಕ್ಕೆ ಬಾರದು.

ಇನ್ನೊಂದು ಕೆಲಸ ಜೀವಿಗಳದ್ದು. ಬರಿಯ ಬಂಡೆಯ ಮೇಲೆ ಬೂದು, ಹಳದಿ ತೇಪೆಗಳಂತೆ ಅಂಟಿಕೊಂಡಿರುವ ಕಲ್ಲುಹೂವನ್ನು ಮಕ್ಕಳಿಗೆ ತೋರಿಸಿ. ಅದು ಆಮ್ಲ ಸ್ರವಿಸಿ ಕಲ್ಲನ್ನು ಮೇಯುತ್ತದೆ, ಸತ್ತು ಅಲ್ಲಿಯೇ ಕೊಳೆಯುತ್ತದೆ. ಆ ಚಿಟಿಕೆಯಷ್ಟು ಕೊಳೆತದ ಮೇಲೆ ಹಾವಸೆ, ಅದರ ಮೇಲೆ ಹುಲ್ಲು, ಆಮೇಲೆ ಗಿಡ. ಸತ್ತ ಬೇರು, ಎಲೆ, ಹುಳುಗಳೆಲ್ಲ ಕೊಳೆತು ಉಳಿಯುವ ಕಪ್ಪು ದ್ರವ್ಯವು ಜೇಡಿಯೊಂದಿಗೆ ಬೆರೆತಾಗಲೇ ಅದನ್ನು ಮಣ್ಣೆಂದು ಕರೆಯಬಹುದು.

ಸಾಧ್ಯವಾದರೆ ಮಕ್ಕಳನ್ನು ರಸ್ತೆಗಾಗಿ ಗುಡ್ಡ ಕಡಿದ ಜಾಗಕ್ಕೆ ಕರೆದೊಯ್ದು, ಸುರಕ್ಷಿತವಾದ ದೂರದಲ್ಲಿ ನಿಲ್ಲಿಸಿ ತೋರಿಸಿ. ಮೇಲೆ ಒಂದು ಗೇಣಿನಷ್ಟು ಕಪ್ಪಾದ, ಬೇರು ತುಂಬಿದ ಮೇಲ್ಮಣ್ಣು. ಅದರ ಕೆಳಗೆ ಮೇಲಿನಿಂದ ತೊಳೆದು ಬಂದ ಜೇಡಿ, ಕಬ್ಬಿಣಗಳು ನಿಂತ ಬಿಗಿಯಾದ ಕೆಳಮಣ್ಣು. ಇನ್ನೂ ಕೆಳಗೆ ಕೈಯಲ್ಲಿ ಹಿಸುಕಿದರೆ ಪುಡಿಯಾಗುವ, ಆದರೆ ಬಂಡೆಯ ಗೆರೆಗಳನ್ನು ಇನ್ನೂ ಉಳಿಸಿಕೊಂಡಿರುವ ಕೊಳೆಗಲ್ಲು. ತಳದಲ್ಲಿ ಗಟ್ಟಿ ಬಂಡೆ. ಮಣ್ಣು ಹುಟ್ಟುವ ಕಥೆಯನ್ನು ಕೆಳಗಿನಿಂದ ಮೇಲಕ್ಕೆ ಓದಬಹುದಾದ ಪುಟ ಅದು. ರಷ್ಯಾದ ವಿಜ್ಞಾನಿ ದೊಕುಚಾಯೆವ್ 1883ರಲ್ಲಿ ತಮ್ಮ ದೇಶದ ಕಪ್ಪು ಮಣ್ಣನ್ನು ಕುರಿತು ಬರೆಯುವಾಗ ಈ ಪದರಗಳನ್ನೇ ಮುಂದಿಟ್ಟುಕೊಂಡು, ಮಣ್ಣು ತನ್ನದೇ ಹುಟ್ಟು ಮತ್ತು ಬೆಳವಣಿಗೆಯುಳ್ಳ ನಿಸರ್ಗದ ಪ್ರತ್ಯೇಕ ವಸ್ತು ಎಂದು ವಾದಿಸಿದರು. ಮೂಲಶಿಲೆ, ಹವೆ, ಜೀವಿಗಳು, ನೆಲದ ಏರಿಳಿತ, ಕಾಲ ಎಂಬ ಐದು ಅಂಶಗಳನ್ನು 1941ರಲ್ಲಿ ಹ್ಯಾನ್ಸ್ ಜೆನ್ನಿಯವರು ಒಂದೇ ಸೂತ್ರದಲ್ಲಿ ಜೋಡಿಸಿದರು. ಒಂದೇ ಶಿಲೆಯಿಂದ ಒಂದೆಡೆ ಕೆಂಪು ಮಣ್ಣು, ಇನ್ನೊಂದೆಡೆ ಕಪ್ಪು ಮಣ್ಣು ಏಕಾಗುತ್ತದೆ ಎಂಬುದಕ್ಕೆ ಉತ್ತರ ಆ ಐದರಲ್ಲೇ ಇದೆ.

ಇನ್ನು ಕಾಲದ ಮಾತು. ಗಟ್ಟಿ ಬಂಡೆಯ ಮೇಲೆ ಒಂದು ಸೆಂಟಿಮೀಟರ್ ಮಣ್ಣಾಗಲು ಬೆಚ್ಚಗಿನ, ಮಳೆ ಬೀಳುವ ಕಡೆಗಳಲ್ಲಿ ನೂರಾರು ವರ್ಷಗಳು, ಒಣ ಅಥವಾ ಶೀತ ಪ್ರದೇಶಗಳಲ್ಲಿ ಸಾವಿರಾರು ವರ್ಷಗಳು ಬೇಕು. ಜ್ವಾಲಾಮುಖಿಯ ಬೂದಿ ಬಿದ್ದಲ್ಲಿ, ನದಿ ಮೆಕ್ಕಲು ತಂದು ಹಾಕಿದಲ್ಲಿ ಇಷ್ಟು ಕಾಯಬೇಕಿಲ್ಲ. ಈ ನಿಧಾನವನ್ನು ಸವಕಳಿಯ ಪಕ್ಕದಲ್ಲಿಟ್ಟು ನೋಡಬೇಕು. ಒಂದು ಹೆಕ್ಟೇರಿನಲ್ಲಿ ಒಂದೇ ಒಂದು ಮಿಲಿಮೀಟರ್ ಮಣ್ಣು ಕೊಚ್ಚಿಹೋದರೆ ಅದು ಹತ್ತು ಘನಮೀಟರ್, ತೂಕದಲ್ಲಿ ಸುಮಾರು 13 ಟನ್. ಒಂದು ಜೋರು ಮಳೆಗೆ ಅಷ್ಟು ಮಣ್ಣು ಹೋದರೂ ನೋಡುವವರ ಕಣ್ಣಿಗೆ ಹೊಲ ನಿನ್ನೆ ಇದ್ದಂತೆಯೇ ಕಾಣುತ್ತದೆ. ಮಣ್ಣಿನ ನಷ್ಟವನ್ನು ನಾವು ತಡವಾಗಿ ಗಮನಿಸುವುದು ಇದೇ ಕಾರಣಕ್ಕೆ.

ಪ್ರಶ್ನೆ: ಮೊದಲ ಮಳೆಗೆ ಬರುವ ಮಣ್ಣಿನ ವಾಸನೆ ಯಾವುದರದು?
— ಪದವಿ ವಿದ್ಯಾರ್ಥಿ

ಉತ್ತರ: ಅದರಲ್ಲಿ ಮುಖ್ಯವಾದದ್ದು ಜಿಯೋಸ್ಮಿನ್ ಎಂಬ ಸಂಯುಕ್ತ. ಮಣ್ಣಿನಲ್ಲಿ ಎಳೆ ಎಳೆಯಾಗಿ ಬೆಳೆಯುವ ಸ್ಟ್ರೆಪ್ಟೊಮೈಸಿಸ್ ಎಂಬ ಬ್ಯಾಕ್ಟೀರಿಯಾಗಳು ಇದನ್ನು ತಯಾರಿಸುತ್ತವೆ. ಮಳೆಹನಿ ಒಣನೆಲಕ್ಕೆ ಅಪ್ಪಳಿಸಿದಾಗ ಏಳುವ ಸೂಕ್ಷ್ಮ ಗುಳ್ಳೆಗಳು ಅದನ್ನು ಗಾಳಿಗೆ ಚಿಮ್ಮಿಸುತ್ತವೆ. ಒಣಗಿದ ಕಲ್ಲು, ಮಣ್ಣುಗಳು ಹೀರಿಟ್ಟುಕೊಂಡ ಸಸ್ಯತೈಲಗಳೂ ಆ ವಾಸನೆಗೆ ಸೇರುತ್ತವೆ. 1964ರಲ್ಲಿ ಆಸ್ಟ್ರೇಲಿಯಾದ ಇಬ್ಬರು ವಿಜ್ಞಾನಿಗಳು ಇದಕ್ಕೆ ಪೆಟ್ರಿಕೋರ್ ಎಂಬ ಹೆಸರಿಟ್ಟರು. ಅದೇ ಸ್ಟ್ರೆಪ್ಟೊಮೈಸಿಸ್ ಗುಂಪಿನ ಒಂದು ಜೀವಿಯಿಂದ 1943ರಲ್ಲಿ ಸ್ಟ್ರೆಪ್ಟೊಮೈಸಿನ್ ದೊರೆಯಿತು. ಕ್ಷಯರೋಗವನ್ನು ಗುಣಪಡಿಸಿದ ಮೊದಲ ಪ್ರತಿಜೀವಕ ಅದು. ಮಣ್ಣಿನ ವಾಸನೆಯೂ ಆ ಔಷಧವೂ ಒಂದೇ ಮನೆಯಿಂದ ಬಂದವು ಎಂಬುದನ್ನು ನೆನೆದಾಗಲೆಲ್ಲ ನನಗೆ ಸಂತೋಷವಾಗುತ್ತದೆ.

ಪ್ರಶ್ನೆ: ನಮ್ಮ ಹೊಲದಲ್ಲಿ ಮಳೆ ಬಂದ ಮರುದಿನ ನೆಲ ಹಕ್ಕಳೆ ಕಟ್ಟುತ್ತದೆ, ಮೊಳಕೆ ಮೇಲೇಳುವುದಿಲ್ಲ, ಮಳೆನೀರು ಇಂಗದೆ ಹರಿದುಹೋಗುತ್ತದೆ. ಪಕ್ಕದ ಹೊಲದ್ದೂ ಇದೇ ಮಣ್ಣು. ಅಲ್ಲಿ ಹೀಗಾಗುವುದಿಲ್ಲ. ಚೆನ್ನಾಗಿ ಉತ್ತು ನುಣ್ಣಗೆ ಮಾಡಿದ್ದೇವೆ. ಆದರೂ ಹೀಗೇಕೆ?
— ಕೃಷಿಕರು

ಉತ್ತರ: ನುಣ್ಣಗೆ ಮಾಡಿದ್ದೇವೆ ಎಂದು ನೀವೇ ಬರೆದಿದ್ದೀರಿ, ತೊಂದರೆಯ ಒಂದು ಪಾಲು ಅಲ್ಲಿಯೇ ಇರಬಹುದು.

ಒಳ್ಳೆಯ ಮಣ್ಣಿನ ಒಂದು ಹಿಡಿಯನ್ನು ಅಳೆದು ನೋಡಿದರೆ ಅದರಲ್ಲಿ ಸುಮಾರು ಅರ್ಧದಷ್ಟು ಖಾಲಿ ಜಾಗ. ಖನಿಜ ಕಣಗಳು ಸುಮಾರು ಶೇಕಡ 45, ಸಾವಯವ ದ್ರವ್ಯ ಹೆಚ್ಚೆಂದರೆ ಶೇಕಡ 5ರ ಆಸುಪಾಸು. ಉಳಿದದ್ದು ರಂಧ್ರಗಳು, ಅವುಗಳಲ್ಲಿ ಹದವಿದ್ದಾಗ ಅರ್ಧ ನೀರು, ಅರ್ಧ ಗಾಳಿ. ದೊಡ್ಡ ರಂಧ್ರಗಳು ಹೆಚ್ಚಿನ ನೀರನ್ನು ಕೆಳಕ್ಕೆ ಬಿಟ್ಟು ಗಾಳಿಗೆ ದಾರಿ ಮಾಡುತ್ತವೆ. ಸಣ್ಣ ರಂಧ್ರಗಳು ನೀರನ್ನು ಬಿಗಿಯಾಗಿ ಹಿಡಿದಿಟ್ಟು ಮಳೆಯಿಲ್ಲದ ದಿನಗಳಲ್ಲಿ ಬೇರಿಗೆ ಕೊಡುತ್ತವೆ. ಎರಡೂ ಬೇಕು. ಮರಳು, ಗಾತ್ರದಲ್ಲಿ ಮರಳಿಗೂ ಜೇಡಿಗೂ ನಡುವಿನ ಕಣವಾದ ರೇವೆ, ಜೇಡಿಗಳು ಬಿಡಿಬಿಡಿಯಾಗಿದ್ದರೆ ಇಂಥ ಏರ್ಪಾಡು ಆಗುವುದಿಲ್ಲ. ಅವು ಸೇರಿ ರವೆಯಷ್ಟು, ಕಾಳಿನಷ್ಟು ಗಾತ್ರದ ಉಂಡೆಗಳಾಗಬೇಕು. ಆಗ ಉಂಡೆಗಳ ನಡುವೆ ದೊಡ್ಡ ರಂಧ್ರ, ಉಂಡೆಗಳ ಒಳಗೆ ಸಣ್ಣ ರಂಧ್ರ ಸಿಗುತ್ತವೆ. ಈ ಉಂಡೆಗಳನ್ನು ಕಟ್ಟುವವರು ಬೇರೆ ಯಾರೂ ಅಲ್ಲ: ಬ್ಯಾಕ್ಟೀರಿಯಾಗಳು ಸ್ರವಿಸುವ ಅಂಟು, ಶಿಲೀಂಧ್ರಗಳ ಎಳೆಗಳು, ಕೂದಲಿನಂಥ ಬೇರುಗಳು, ಎರೆಹುಳುವಿನ ಹಿಕ್ಕೆ. ಇವೆಲ್ಲ ಬದುಕಿರುವುದು ಸಾವಯವ ದ್ರವ್ಯವನ್ನು ತಿಂದು. ತಿನ್ನಲು ಇಲ್ಲದಾಗ ಅಂಟು ಕಡಿಮೆಯಾಗುತ್ತದೆ, ಉಂಡೆ ಸಡಿಲವಾಗುತ್ತದೆ.

ಇಂಥ ನೆಲದ ಮೇಲೆ ಮಳೆ ಬಿದ್ದಾಗ ಆಗುವುದನ್ನು ಕಲ್ಪಿಸಿಕೊಳ್ಳಿ. ದಪ್ಪ ಮಳೆಹನಿ ಸೆಕೆಂಡಿಗೆ ಸುಮಾರು 9 ಮೀಟರ್ ವೇಗದಲ್ಲಿ, ಎಂದರೆ ಗಂಟೆಗೆ 30 ಕಿಲೋಮೀಟರಿಗೂ ಮೀರಿ, ಬರಿ ನೆಲಕ್ಕೆ ಬಡಿಯುತ್ತದೆ. ಸಡಿಲವಾದ ಉಂಡೆ ಒಡೆದು ಅದರ ನುಣ್ಣನೆಯ ಕಣಗಳು ಸುತ್ತಲಿನ ರಂಧ್ರಗಳಿಗೆ ಗಾರೆ ಮೆತ್ತಿದಂತೆ ಮೆತ್ತಿಕೊಳ್ಳುತ್ತವೆ. ಮೇಲಿನ ಎರಡು ಮೂರು ಮಿಲಿಮೀಟರ್ ಮುಚ್ಚಿಹೋದರೆ ಸಾಕು, ಕೆಳಗೆ ಎಷ್ಟು ಒಣಗಿದ್ದರೂ ನೀರು ಇಳಿಯದು. ಅದು ಇಳಿಜಾರು ಹುಡುಕಿಕೊಂಡು ಮಣ್ಣನ್ನೂ ಹೊತ್ತು ಹರಿಯುತ್ತದೆ. ಬಿಸಿಲಿಗೆ ಆ ಪದರ ಗಟ್ಟಿಯಾದಾಗ ನೀವು ಹೇಳಿದ ಹಕ್ಕಳೆ ಸಿದ್ಧ. ಉಳುಮೆಯಲ್ಲಿ ಮಣ್ಣನ್ನು ಹೆಚ್ಚು ನುಣ್ಣಗೆ ಮಾಡಿದಷ್ಟೂ ಈ ಗಾರೆಗೆ ಬೇಕಾದ ಪುಡಿ ಹೆಚ್ಚು ಸಿಗುತ್ತದೆ.

ನನ್ನ ಮಾತನ್ನು ನಂಬಬೇಕಿಲ್ಲ, ನೀವೇ ಪರೀಕ್ಷಿಸಿ. ನಿಮ್ಮ ಹೊಲದಿಂದ ಒಂದು, ಪಕ್ಕದ ಹೊಲದಿಂದ ಒಂದು, ಹಲವು ವರ್ಷಗಳಿಂದ ಹುಲ್ಲು ಬೆಳೆದ ಬದುವಿನಿಂದ ಒಂದು, ಹೀಗೆ ನೆಲ್ಲಿಕಾಯಿ ಗಾತ್ರದ ಮೂರು ಹೆಂಟೆಗಳನ್ನು ತಂದು ಒಂದೆರಡು ದಿನ ನೆರಳಿನಲ್ಲಿ ಚೆನ್ನಾಗಿ ಒಣಗಿಸಿ. ಮೂರು ಗಾಜಿನ ಲೋಟಗಳಲ್ಲಿ ನೀರು ತುಂಬಿ, ಬಾಯಿಗೆ ದೊಡ್ಡ ಕಣ್ಣಿನ ಜಾಲರಿ ಇಳಿಬಿಟ್ಟು, ಹೆಂಟೆಗಳು ಮುಳುಗುವಂತೆ ಒಂದೇ ಹೊತ್ತಿಗೆ ಇರಿಸಿ. ನಾನು ಮೊದಲ ಸಲ ಇದನ್ನು ಮಾಡಿದಾಗ ಉತ್ತ ಹೊಲದ ಹೆಂಟೆ ನೀರು ಮುಟ್ಟಿದ ಕ್ಷಣದಲ್ಲೇ ಬುರುಬುರು ಗುಳ್ಳೆ ಬಿಡುತ್ತ ಅಂಚಿನಿಂದ ಉದುರತೊಡಗಿತು. ಒಂದು ನಿಮಿಷ ಕಳೆಯುವಷ್ಟರಲ್ಲಿ ಅದು ತಳದಲ್ಲಿ ಕೆಸರಿನ ಗುಡ್ಡೆಯಾಗಿತ್ತು, ನೀರು ಚಹಾದ ಬಣ್ಣಕ್ಕೆ ತಿರುಗಿತ್ತು. ಬದುವಿನ ಹೆಂಟೆ ನೀರು ಕುಡಿದು ಕಪ್ಪಾಯಿತೇ ಹೊರತು ಮರುದಿನ ಬೆಳಿಗ್ಗೆಯೂ ತನ್ನ ಆಕಾರದಲ್ಲೇ ಕುಳಿತಿತ್ತು, ಲೋಟದ ನೀರು ತಿಳಿಯಾಗಿತ್ತು. ಎರಡು ಜಾಗಗಳ ನಡುವಿನ ಅಂತರ ಹತ್ತು ಹೆಜ್ಜೆ. ಮರಳು, ಜೇಡಿಗಳ ಪ್ರಮಾಣ ಎರಡರಲ್ಲೂ ಒಂದೇ. ನೀರು ವೇಗವಾಗಿ ನುಗ್ಗಿದಾಗ ಒಳಗೆ ಸಿಕ್ಕಿಕೊಂಡ ಗಾಳಿ ಉಂಡೆಯನ್ನು ಒಳಗಿನಿಂದ ಒಡೆಯಲು ನೋಡುತ್ತದೆ. ಅಂಟೂ ಎಳೆಗಳೂ ಇರುವ ಉಂಡೆ ಅದನ್ನು ತಾಳಿಕೊಳ್ಳುತ್ತದೆ, ಇಲ್ಲದ್ದು ತಾಳಿಕೊಳ್ಳದು. ಮಣ್ಣು ಒಂದೇ ಆಗಿದ್ದೂ ನಡತೆ ಬೇರೆಯಾಗುವುದು ಹೀಗೆ.

ಮಾಡಬೇಕಾದದ್ದರಲ್ಲಿ ಮೊದಲನೆಯದು ನೆಲವನ್ನು ಬರಿದಾಗಿ ಬಿಡದಿರುವುದು. ಕಟಾವಿನ ಬಳಿಕ ಉಳಿದ ಕೂಳೆ, ರವದಿಗಳನ್ನು ಸುಡದೆ ಹೊದಿಕೆಯಾಗಿ ಬಿಡಿ. ಎರಡು ಬೆಳೆಗಳ ನಡುವೆ ಕಾಲ ಉಳಿದರೆ ಬೇಗ ಹಬ್ಬುವ ಹೊದಿಕೆ ಬೆಳೆಯನ್ನು ಚೆಲ್ಲಿ. ಹನಿಯ ಹೊಡೆತ ಹೊದಿಕೆಯ ಮೇಲೆ ಬೀಳುವುದರಿಂದ ಇದರ ಫಲ ಮೊದಲ ಮಳೆಯಲ್ಲೇ ಕಾಣುತ್ತದೆ. ಒಳಗಿನ ಅಂಟು ಮತ್ತೆ ಕಟ್ಟಿಕೊಳ್ಳಲು ಮಾತ್ರ ಕೆಲವು ವರ್ಷಗಳು ಬೇಕು. ಅಲ್ಲಿಯವರೆಗೆ ತಾಳ್ಮೆ ಕಳೆದುಕೊಳ್ಳಬಾರದು. ಎರಡನೆಯದು, ಉಳುಮೆಯನ್ನು ಅಗತ್ಯವಿರುವಷ್ಟಕ್ಕೆ ಇಳಿಸುವುದು. ಪ್ರತಿ ಉಳುಮೆಯೂ ಶಿಲೀಂಧ್ರದ ಎಳೆಗಳನ್ನು ಹರಿಯುತ್ತದೆ, ಉಂಡೆಯೊಳಗೆ ಭದ್ರವಾಗಿದ್ದ ಸಾವಯವ ದ್ರವ್ಯವನ್ನು ಗಾಳಿಗೆ ತೆರೆದು ಬೇಗ ಕರಗಿಸುತ್ತದೆ. ಹಾಗೆಂದು ಉಳುಮೆಯೇ ಪಾಪ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಕೆಳಗೆ ಗಟ್ಟಿ ಪದರ ಬಿಗಿದುಕೊಂಡಿದ್ದಾಗ, ಕಳೆ ಕೈಮೀರಿದಾಗ ಅದು ಬೇಕಾಗುತ್ತದೆ. ಮೂರನೆಯದು ಹಲವರು ಮರೆಯುವಂಥದ್ದು: ಹಸಿ ನೆಲದ ಮೇಲೆ ಟ್ರ್ಯಾಕ್ಟರ್ ಇಳಿಸಬೇಡಿ. ಒಂದು ಹಿಡಿ ಮಣ್ಣನ್ನು ಅಂಗೈಯಲ್ಲಿ ಒತ್ತಿ, ಬೆರಳಿನಿಂದ ತಟ್ಟಿ ನೋಡಿ. ಅದು ಬಿರಿದು ಉದುರಿದರೆ ಹದ ಬಂದಿದೆ. ಮುದ್ದೆಯಾಗಿ ಬೆರಳಿನ ಗುರುತು ಹೊಳೆಯುತ್ತಿದ್ದರೆ ಇನ್ನೆರಡು ದಿನ ಕಾಯಿರಿ. ಹಸಿಯಲ್ಲಿ ಒಮ್ಮೆ ಚಕ್ರ ಹಾದು ಕುಸಿದ ರಂಧ್ರಗಳು ಮತ್ತೆ ತೆರೆದುಕೊಳ್ಳಲು ಹಲವು ವರ್ಷಗಳೇ ಹಿಡಿಯುತ್ತವೆ.

ಪ್ರಶ್ನೆ: ಗಿಡಗಳು ಮಣ್ಣಿನ ಸಾರವನ್ನು ತಿಂದು ಬೆಳೆಯುತ್ತವೆ ಎನ್ನುತ್ತಾರೆ. ಹಾಗಾದರೆ ಇಷ್ಟು ಕಾಲದ ಬೇಸಾಯಕ್ಕೆ ಮಣ್ಣು ಮುಗಿದುಹೋಗಬೇಕಿತ್ತಲ್ಲವೇ?
— ನಿವೃತ್ತ ನೌಕರರು

ಉತ್ತರ: ಈ ಅನುಮಾನ 17ನೇ ಶತಮಾನದಲ್ಲಿ ವಾನ್ ಹೆಲ್ಮಾಂಟ್ ಎಂಬ ವೈದ್ಯರಿಗೂ ಬಂದಿತ್ತು. ಅವರು ಒಣಗಿಸಿ ತೂಗಿದ 200 ಪೌಂಡ್ ಮಣ್ಣನ್ನು ಕುಂಡದಲ್ಲಿ ತುಂಬಿ, 5 ಪೌಂಡ್ ತೂಕದ ವಿಲೋ ಸಸಿಯನ್ನು ನೆಟ್ಟು, ಐದು ವರ್ಷ ನೀರನ್ನು ಮಾತ್ರ ಕೊಟ್ಟರು. ಗಿಡ 169 ಪೌಂಡಿನಷ್ಟಾಯಿತು. ಮಣ್ಣನ್ನು ಮತ್ತೆ ಒಣಗಿಸಿ ತೂಗಿದಾಗ ಕಡಿಮೆಯಾದದ್ದು ಸುಮಾರು 2 ಔನ್ಸ್, ಎಂದರೆ 60 ಗ್ರಾಮಿನ ಒಳಗೆ. ಗಿಡವೆಲ್ಲ ನೀರಿನಿಂದಲೇ ಆಯಿತೆಂದು ಅವರು ತೀರ್ಮಾನಿಸಿದರು. ಅದು ಪೂರ್ತಿ ಸರಿಯಲ್ಲ. ಗಿಡದ ಒಣತೂಕದ ಬಹುಪಾಲು ಗಾಳಿಯ ಇಂಗಾಲದ ಡೈಆಕ್ಸೈಡಿನಿಂದ ಬರುತ್ತದೆ ಎಂಬುದು ಆಮೇಲೆ ತಿಳಿಯಿತು. ಅವರು ಲೆಕ್ಕಕ್ಕೆ ತೆಗೆದುಕೊಳ್ಳದ ಆ 2 ಔನ್ಸ್ ಕೂಡ ಕ್ಷುಲ್ಲಕವಲ್ಲ. ರಂಜಕ, ಪೊಟ್ಯಾಷ್, ಸುಣ್ಣ, ಕಬ್ಬಿಣ, ಸತುವು ಎಲ್ಲ ಅದರಲ್ಲೇ ಇದ್ದವು. ಅವಿಲ್ಲದೆ ಒಂದು ಎಲೆಯೂ ಬಿಡದು.

ಈ ಪೋಷಕಗಳು ನೀರಿನಲ್ಲಿ ಕರಗುವಂಥವಾದರೂ ಮೊದಲ ಮಳೆಗೇ ತೊಳೆದುಹೋಗದಿರುವುದು ಏಕೆ? ಇಂಗ್ಲೆಂಡಿನ ಥಾಂಪ್ಸನ್ ಮತ್ತು ವೇ ಎಂಬುವರು 1850ರಲ್ಲಿ ಅಮೋನಿಯ ಲವಣದ ದ್ರಾವಣವನ್ನು ಮಣ್ಣಿನ ಮೂಲಕ ಸೋಸಿ ನೋಡಿದರು. ಅಮೋನಿಯ ಮಣ್ಣಿನಲ್ಲೇ ನಿಂತು, ಅದರ ಬದಲಿಗೆ ಸುಣ್ಣ ಹೊರಬಂದಿತು. ಜೇಡಿ ಮತ್ತು ಹ್ಯೂಮಸ್ (ಕೊಳೆತು ಉಳಿದ ಕಪ್ಪು ದ್ರವ್ಯ) ಕಣಗಳ ಮೈಮೇಲೆ ಋಣ ವಿದ್ಯುದಂಶವಿದ್ದು, ಧನ ವಿದ್ಯುದಂಶದ ಪೋಷಕಗಳನ್ನು ಅವು ಹಿಡಿದಿಟ್ಟುಕೊಂಡು, ಬೇರು ಬಂದು ಕೇಳಿದಾಗ ಇನ್ನೊಂದರ ಬದಲಿಗೆ ಬಿಟ್ಟುಕೊಡುತ್ತವೆ. ನೈಟ್ರೇಟ್ ಸ್ವತಃ ಋಣ ವಿದ್ಯುದಂಶದ್ದು. ಆದ್ದರಿಂದ ಅದಕ್ಕೆ ಈ ಆಸರೆ ಸಿಗದೆ, ಬೆಳೆ ಹೀರುವುದಕ್ಕಿಂತ ಹೆಚ್ಚು ಹಾಕಿದರೆ ಅಂತರ್ಜಲಕ್ಕೆ ಇಳಿದುಹೋಗುತ್ತದೆ.

ಸಾರಜನಕದ ವಿಷಯದಲ್ಲಿ ಮಣ್ಣಿಗೆ ಇನ್ನೊಂದು ದಾರಿಯಿದೆ. ಅವರೆ, ಹೆಸರು, ಸೆಣಬಿನಂಥ ದ್ವಿದಳ ಸಸ್ಯವನ್ನು ಹೂ ಬಿಡುವ ಹೊತ್ತಿಗೆ ಮೆಲ್ಲಗೆ ಅಗೆದು ತೆಗೆಯಿರಿ. ಎಳೆದರೆ ಗಂಟುಗಳು ಮಣ್ಣಿನಲ್ಲೇ ಉದುರುತ್ತವೆ. ಬೇರಿಗೆ ಅಂಟಿದ ಸಾಸಿವೆಯಷ್ಟು, ಮೆಣಸಿನಷ್ಟು ಗಂಟೊಂದನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ಮಾಂಸದಂತೆ ನಸುಗೆಂಪಾಗಿದ್ದರೆ ಅಲ್ಲಿನ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಗಿಡಕ್ಕೆ ಉಣ್ಣಿಸುತ್ತಿದೆ. ಬೆಳ್ಳಗೋ ಹಸಿರಾಗಿಯೋ ಇದ್ದರೆ ಕೆಲಸ ನಡೆಯುತ್ತಿಲ್ಲ. ಆ ಕೆಂಪು ನಮ್ಮ ರಕ್ತದ ಹಿಮೋಗ್ಲೋಬಿನ್ನಿಗೆ ಸೋದರಸಂಬಂಧಿಯಾದ ವಸ್ತುವಿನದು. ಈ ಬ್ಯಾಕ್ಟೀರಿಯಾವನ್ನು 1888ರಲ್ಲಿ ಬೈಯರಿಂಕ್ ಪ್ರತ್ಯೇಕಿಸಿ ತೋರಿಸಿದರು. ರಂಜಕಕ್ಕೆ ಗಾಳಿಯಲ್ಲಿ ಇಂಥ ಉಗ್ರಾಣವಿಲ್ಲ. ಕಾಳಿನ ಜೊತೆ ಹೊಲದಿಂದ ಹೊರಗೆ ಹೋದದ್ದು ಯಾವುದಾದರೂ ರೂಪದಲ್ಲಿ ಹಿಂದಿರುಗದಿದ್ದರೆ ಆ ಹೊಲ ಬಡವಾಗುತ್ತದೆ. ಮಣ್ಣು ತೂಕದಲ್ಲಿ ಮುಗಿಯುವುದಿಲ್ಲ, ಆ 2 ಔನ್ಸಿನಲ್ಲಿ ಮುಗಿಯುತ್ತದೆ.

ಪ್ರಶ್ನೆ: ಎರೆಹುಳುಗಳನ್ನು ಕೊಂಡುತಂದು ತೋಟಕ್ಕೆ ಬಿಟ್ಟೆ. ಕೆಲವೇ ದಿನಗಳಲ್ಲಿ ಒಂದೂ ಕಾಣಲಿಲ್ಲ. ತಪ್ಪೆಲ್ಲಿ?
— ಗೃಹಿಣಿ

ಉತ್ತರ: ಗೊಬ್ಬರದ ತೊಟ್ಟಿಗಾಗಿ ಮಾರುವ ಎರೆಹುಳುಗಳು ಸಾಮಾನ್ಯವಾಗಿ ಕೊಳೆಯುವ ರಾಶಿಯಲ್ಲಿ ಬಾಳುವ ಜಾತಿಯವು, ಅವು ನೆಲ ಕೊರೆದು ಆಳಕ್ಕೆ ಇಳಿಯುವುದಿಲ್ಲ, ಬರಿ ಮಣ್ಣಿನಲ್ಲಿ ಬದುಕುವುದಿಲ್ಲ. ಅವನ್ನು ತೊಟ್ಟಿಯಲ್ಲಿಟ್ಟು ಗೊಬ್ಬರ ಮಾಡಿಸಿಕೊಳ್ಳಿ. ತೋಟದಲ್ಲಿ ತೇವ, ನೆರಳು, ಒಣಎಲೆಯ ಹೊದಿಕೆ ಉಳಿಸಿದರೆ ನಿಮ್ಮ ನೆಲದ ಹುಳುಗಳು ತಾವಾಗಿಯೇ ಹೆಚ್ಚುತ್ತವೆ.

ಅವುಗಳ ಶ್ರಮ ಎಂಥದು ಎಂಬುದಕ್ಕೆ ಚಾರ್ಲ್ಸ್ ಡಾರ್ವಿನ್ ಮಾಡಿದ ಪ್ರಯೋಗ ನನಗೆ ಬಹಳ ಪ್ರಿಯವಾದದ್ದು. 1842ರಲ್ಲಿ ಅವರು ತಮ್ಮ ಮನೆಯ ಬಳಿಯ ಹುಲ್ಲುಗಾವಲಿನ ಮೇಲೆ ಸೀಮೆಸುಣ್ಣದ ಕಲ್ಲಿನ ಚೂರುಗಳನ್ನು ಹರಡಿಸಿ, 29 ವರ್ಷ ಕಾದು, 1871ರಲ್ಲಿ ಅಲ್ಲಿ ಕಂದಕ ತೋಡಿಸಿದರು. ಆ ಬಿಳಿ ಚೂರುಗಳು ಮೇಲ್ಮೈಯಿಂದ 7 ಅಂಗುಲ ಕೆಳಗೆ ಒಂದು ಗೆರೆಯಾಗಿ ಸಿಕ್ಕವು. ಹುಳುಗಳು ಕೆಳಗಿನ ಮಣ್ಣನ್ನು ನುಂಗಿ ಮೇಲೆ ಹಿಕ್ಕೆ ಹಾಕುತ್ತ ಹಾಕುತ್ತ ಕಲ್ಲುಗಳನ್ನೆಲ್ಲ ಹೂತುಬಿಟ್ಟಿದ್ದವು. ಆದರೆ ಹೊರಗಿನ ಹುಳುವನ್ನು ಎಲ್ಲೆಂದರಲ್ಲಿ ಬಿಡುವುದು ಒಳ್ಳೆಯದಲ್ಲ ಎಂಬುದನ್ನೂ ಸೇರಿಸಬೇಕು. ಹಿಮಯುಗದ ಬಳಿಕ ಎರೆಹುಳುಗಳೇ ಇಲ್ಲದೆ ಬೆಳೆದ ಉತ್ತರ ಅಮೆರಿಕದ ಉತ್ತರಭಾಗದ ಕಾಡುಗಳಲ್ಲಿ, ಬೇರೆ ಖಂಡದಿಂದ ಬಂದು ಸೇರಿದ ಹುಳುಗಳು ನೆಲದ ಎಲೆಹಾಸನ್ನೇ ತಿಂದು ಮುಗಿಸಿ ಎಳೆಯ ಸಸ್ಯಗಳಿಗೆ ಕಂಟಕವಾಗಿವೆ.

ಪ್ರಶ್ನೆ: ರಾಸಾಯನಿಕ ಗೊಬ್ಬರ ಹಾಕಿದರೆ ಮಣ್ಣು ಸಾಯುತ್ತದೆ ಎಂಬುದು ನಿಜವೇ?
— ಯುವ ರೈತ

ಉತ್ತರ: ಹಾಗೆ ಒಂದೇ ಮಾತಿನಲ್ಲಿ ಹೇಳುವುದು ಸರಿಯಲ್ಲ. ಇಂಗ್ಲೆಂಡಿನ ರೋಥಮ್‌ಸ್ಟೆಡ್‌ನಲ್ಲಿ 1843ರಿಂದ ಒಂದೇ ಹೊಲದಲ್ಲಿ ಗೋಧಿ ಬೆಳೆಯುತ್ತ, ಕೆಲವು ತುಂಡುಗಳಿಗೆ ರಾಸಾಯನಿಕ ಗೊಬ್ಬರ, ಒಂದಕ್ಕೆ ಕೊಟ್ಟಿಗೆ ಗೊಬ್ಬರ, ಇನ್ನೊಂದಕ್ಕೆ ಏನನ್ನೂ ಕೊಡದೆ ಹೋಲಿಸುವ ಪ್ರಯೋಗ ಇಂದಿಗೂ ನಡೆದಿದೆ. ರಾಸಾಯನಿಕ ಗೊಬ್ಬರವನ್ನಷ್ಟೇ ಪಡೆದ ತುಂಡುಗಳು ಇಷ್ಟು ಕಾಲದ ಮೇಲೂ ಒಳ್ಳೆಯ ಇಳುವರಿ ಕೊಡುತ್ತಿವೆ. ಆದರೆ ಸಾವಯವ ಇಂಗಾಲವನ್ನು ಅಳೆದಾಗ ಕೊಟ್ಟಿಗೆ ಗೊಬ್ಬರದ ತುಂಡು ಉಳಿದವುಗಳನ್ನು ಬಹಳ ಹಿಂದೆ ಹಾಕಿದೆ. ಅದೇ ಕೇಂದ್ರದ ಬಾರ್ಲಿ ಹೊಲದ ಒಂದು ತುಂಡಿಗೆ 1852ರಿಂದ 1871ರವರೆಗೆ ಮಾತ್ರ ಕೊಟ್ಟಿಗೆ ಗೊಬ್ಬರ ಹಾಕಿ ನಿಲ್ಲಿಸಿದರು. ನೂರು ವರ್ಷಗಳಿಗೂ ಮೀರಿದ ಮೇಲೆ ಅಳೆದಾಗಲೂ, ಎಂದೂ ಗೊಬ್ಬರ ಕಾಣದ ಪಕ್ಕದ ತುಂಡಿಗಿಂತ ಅದರಲ್ಲಿ ಇಂಗಾಲ ಹೆಚ್ಚಿತ್ತು. ಆ ಇಪ್ಪತ್ತು ವರ್ಷ ಗೊಬ್ಬರ ಹೊತ್ತವರು ಯಾರೂ ಈಗಿಲ್ಲ. ಅವರ ಕೆಲಸ ಮಣ್ಣಿನಲ್ಲಿ ಇನ್ನೂ ಉಳಿದಿದೆ.

ನನ್ನ ಅಭಿಪ್ರಾಯ ಹೀಗಿದೆ: ಚೀಲದ ಗೊಬ್ಬರ ಬೆಳೆಗೆ ಉಣಿಸುತ್ತದೆ, ಮಣ್ಣಿನ ಜೀವಿಗಳಿಗೆ ಬೇಕಾದ ಇಂಗಾಲವನ್ನು ಅದು ಕೊಡುವುದಿಲ್ಲ. ಅದು ಸಿಕ್ಕಿತೆಂದು ಕೊಟ್ಟಿಗೆ ಗೊಬ್ಬರ, ಹಸಿರೆಲೆ ಗೊಬ್ಬರಗಳನ್ನು ಪೂರ್ತಿ ಕೈಬಿಟ್ಟು, ಕೂಳೆಗೂ ಬೆಂಕಿ ಇಡುವುದು ಹಾನಿಯ ಮೂಲ. ಅಮೋನಿಯ ರೂಪದ ಸಾರಜನಕವನ್ನು ವರ್ಷಗಟ್ಟಲೆ ಹೆಚ್ಚಾಗಿ ಹಾಕಿದರೆ ಮಣ್ಣು ಹುಳಿಯಾಗುವುದೂ ನಿಜ. ಮಣ್ಣು ಪರೀಕ್ಷೆ ಮಾಡಿಸಿ, ಕೊರತೆಯಿರುವಷ್ಟನ್ನೇ ಹಾಕಿ, ಸಾವಯವ ದ್ರವ್ಯವನ್ನು ಬಿಡದೆ ಕೊಡಿ.

ಪ್ರಶ್ನೆ: ಭೂಮಿಯ ಮೇಲೆ ಇನ್ನು 60 ವರ್ಷ ಬೆಳೆಯಲು ಸಾಕಾಗುವಷ್ಟೇ ಮಣ್ಣು ಉಳಿದಿದೆ ಎಂದು ಓದಿ ಭಯವಾಯಿತು. ಇದು ನಿಜವೇ?
— ಪದವಿ ವಿದ್ಯಾರ್ಥಿನಿ

ಉತ್ತರ: ಆ ಸಂಖ್ಯೆಯ ಹಿಂದೆ ಗಟ್ಟಿಯಾದ ಅಧ್ಯಯನವಿಲ್ಲ. ಕೆಲವು ನೆಲಗಳು ಒಂದು ತಲೆಮಾರಿನಲ್ಲೇ ಬರಡಾಗಬಹುದು, ಕೆಲವು ಸಾವಿರಾರು ವರ್ಷ ಬಾಳಬಹುದು; ಇಡೀ ಜಗತ್ತಿಗೆ ಒಂದೇ ಗಡುವು ಹೇಳಲಾಗದು. ಮಣ್ಣಿನ ಮೇಲಿನ ಕಾಳಜಿಯಿಂದಲೇ ಜನ ಇದನ್ನು ಹಂಚುತ್ತಾರೆ ಎಂದು ಬಲ್ಲೆ, ಆದರೂ ತಪ್ಪು ಲೆಕ್ಕದಿಂದ ಮಣ್ಣಿಗೆ ಉಪಕಾರವಾಗದು. ನಿಜವಾದ ಸಂಗತಿಗಳೇ ಸಾಕಷ್ಟು ಗಂಭೀರವಾಗಿವೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ 2015ರ ವರದಿಯ ಪ್ರಕಾರ ಜಗತ್ತಿನ ಸುಮಾರು ಮೂರನೇ ಒಂದು ಭಾಗ ಮಣ್ಣು ಮಧ್ಯಮ ಅಥವಾ ತೀವ್ರ ಪ್ರಮಾಣದಲ್ಲಿ ಸಾರಗೆಟ್ಟಿದೆ. ಮೇಲಿನ ಒಂದು ಮೀಟರ್ ಮಣ್ಣಿನಲ್ಲಿ ಸುಮಾರು 1,50,000 ಕೋಟಿ ಟನ್ ಸಾವಯವ ಇಂಗಾಲವಿದೆ. ಇದು ವಾತಾವರಣ ಮತ್ತು ಸಸ್ಯಗಳಲ್ಲಿರುವ ಇಂಗಾಲವನ್ನು ಕೂಡಿಸಿದರೂ ಮೀರುವ ಮೊತ್ತ. ಮಣ್ಣು ಕೆಟ್ಟಷ್ಟೂ ಅದರ ಒಂದೊಂದು ಪಾಲು ಗಾಳಿಗೆ ಸೇರುತ್ತದೆ.

ಮಣ್ಣು ಎಷ್ಟು ಬೇಗ ಕೈತಪ್ಪಬಲ್ಲುದು ಎಂಬುದನ್ನು ತಿಳಿಯಲು 1930ರ ದಶಕದ ಅಮೆರಿಕದ ಮಹಾಬಯಲನ್ನು ನೆನೆಯಬೇಕು. ಆಳ ಬೇರಿನ ಹುಲ್ಲು ಸಾವಿರಾರು ವರ್ಷ ಹಿಡಿದಿಟ್ಟಿದ್ದ ನೆಲವನ್ನು ಕೆಲವೇ ದಶಕಗಳಲ್ಲಿ ಉತ್ತು ಗೋಧಿ ಬಿತ್ತಿದರು. ಬರ ಬಂತು, ಬೆಳೆ ಒಣಗಿತು, ಬರಿದಾದ ನೆಲವನ್ನು ಗಾಳಿ ಎತ್ತಿಕೊಂಡಿತು. 1935ರ ಏಪ್ರಿಲ್ 14ರ ಭಾನುವಾರ ಎದ್ದ ಧೂಳಿನ ಗೋಡೆ ಹಗಲನ್ನೇ ಕತ್ತಲಾಗಿಸಿತು. ಎರಡು ವಾರ ಕಳೆಯುವುದರೊಳಗೆ, ಏಪ್ರಿಲ್ 27ರಂದು, ಅಲ್ಲಿ ಮಣ್ಣು ಸಂರಕ್ಷಣೆಯ ಕಾನೂನು ಜಾರಿಗೆ ಬಂತು. ಅದಕ್ಕಾಗಿ ವರ್ಷಗಟ್ಟಲೆ ಹೋರಾಡಿದ್ದ ಹ್ಯೂ ಬೆನೆಟ್ ಅವರ ಮುಂದಾಳುತನದಲ್ಲಿ ಸಮಪಾತಳಿ ಉಳುಮೆ, ಗಾಳಿತಡೆ ಮರಸಾಲು, ಪಟ್ಟೆ ಬೇಸಾಯಗಳು ಹಬ್ಬಿದವು. ಹಾರಿಹೋದ ಮಣ್ಣು ಹಿಂದಿರುಗಲಿಲ್ಲ. ಉಳಿದದ್ದನ್ನು ಹಿಡಿದು ನಿಲ್ಲಿಸಲು ಸಾಧ್ಯವಾಯಿತು.

ಪ್ರಶ್ನೆ: ಮಣ್ಣು ಕಪ್ಪಾಗಿದ್ದರೆ ಫಲವತ್ತು, ಕೆಂಪಾಗಿದ್ದರೆ ಬಡವು ಎಂದು ತಿಳಿಯಬಹುದೇ?
— ಹೆಸರು ಬರೆದಿಲ್ಲ

ಉತ್ತರ: ಬಣ್ಣವನ್ನಷ್ಟೇ ನೋಡಿ ತೀರ್ಮಾನಿಸಬೇಡಿ. ಕೆಂಪು, ಹಳದಿಗಳು ಕಬ್ಬಿಣದ ಆಕ್ಸೈಡುಗಳಿಂದ ಬರುತ್ತವೆ. ಹಿಗ್ಗಿ ಕುಗ್ಗುವ ಎರೆಮಣ್ಣು ಕಡುಕಪ್ಪಾಗಿದ್ದರೂ ಅದರಲ್ಲಿ ಸಾವಯವ ಅಂಶ ಬಹಳ ಕಡಿಮೆ ಇರಬಹುದು. ಒಂದೇ ಹೊಲದಲ್ಲಿ ಮೇಲ್ಮಣ್ಣು ಕೆಳಮಣ್ಣಿಗಿಂತ ಕಪ್ಪಗಿದ್ದರೆ ಅದು ಸಾವಯವ ದ್ರವ್ಯದ ಗುರುತು. ಬೂದು ಬಣ್ಣದ ಮೇಲೆ ತುಕ್ಕಿನ ಚುಕ್ಕೆಗಳು ಕಂಡರೆ ಅಲ್ಲಿ ಆಗಾಗ ನೀರು ನಿಂತು ಗಾಳಿ ಕಟ್ಟಿದೆ ಎಂದರ್ಥ. ಬಸಿಗಾಲುವೆಯ ಬಗ್ಗೆ ಯೋಚಿಸಿ.

ಪ್ರಶ್ನೆ: ಮನೆ ಕಟ್ಟಿಸಲು ಅಡಿಪಾಯ ತೋಡಿಸಲಿದ್ದೇವೆ. ತೆಗೆದ ಮಣ್ಣನ್ನು ಮುಂದೆ ಕೈತೋಟಕ್ಕೆ ಬಳಸಬೇಕೆಂದಿದೆ. ಹೇಗೆ ಕಾಪಾಡಬೇಕು?
— ಓದುಗ ದಂಪತಿ

ಉತ್ತರ: ತೋಡುವ ಮೊದಲೇ ಕೇಳಿದಿರಿ, ಒಳ್ಳೆಯದಾಯಿತು. ಮೇಲಿನ ಒಂದು ಗೇಣು ಮಣ್ಣನ್ನು ಮೊದಲು ಕೆರೆಸಿ, ಬೇರೆಯೇ ರಾಶಿ ಹಾಕಿಸಿ; ಆಮೇಲೆ ಬರುವ ಕೆಳಮಣ್ಣು ಅದರೊಂದಿಗೆ ಬೆರೆಯಬಾರದು. ಕೆಲಸವನ್ನು ನೆಲ ಒಣಗಿರುವಾಗ ಮಾಡಿಸಿ. ರಾಶಿ ಎರಡು ಮೀಟರಿಗಿಂತ ಎತ್ತರವಾದರೆ ಅಡಿಯ ಮಣ್ಣು ಭಾರಕ್ಕೆ ಬಿಗಿದು, ಗಾಳಿಯಿಲ್ಲದೆ ಅಲ್ಲಿನ ಜೀವಿಗಳು ಸಾಯುತ್ತವೆ. ಅದರ ಮೇಲೆ ಲಾರಿ ಹತ್ತಿಸಬೇಡಿ, ಸಿಮೆಂಟು ಕಲಸಿದ ನೀರು ಹರಿಯಲು ಬಿಡಬೇಡಿ. ಕೆಲವು ತಿಂಗಳು ಇಡಬೇಕಾದರೆ ಹುಲ್ಲಿನ ಬೀಜವನ್ನೋ ದ್ವಿದಳ ಬೀಜವನ್ನೋ ಅದರ ಮೇಲೆ ಎರಚಿ. ಬೇರುಗಳು ಮಳೆಗೆ ಕೊಚ್ಚಿಹೋಗದಂತೆ ಅದನ್ನು ಹಿಡಿದಿರುತ್ತವೆ. ಮರಳಿ ಹರಡುವ ಮೊದಲು, ಯಂತ್ರಗಳು ತುಳಿದು ಗಟ್ಟಿಯಾದ ಕೆಳನೆಲವನ್ನು ಅಗೆದು ಸಡಿಲಿಸಿ. ಮೊದಲ ವರ್ಷ ಸೆಣಬು ಬಿತ್ತಿ ಹೂ ಬಂದಾಗ ಕತ್ತರಿಸಿ ಅಲ್ಲಿಯೇ ಹೊದಿಸಿ; ಹೂಗಿಡಗಳನ್ನು ಎರಡನೆಯ ವರ್ಷ ನೆಡಿ.